ಕಂಬಿ ಕಿತ್ತ ಮೇಲೆ ಉಳಿದ ದಾರಿ

ಅಕ್ಕಾ, ಬೆಟ್ಟ ಅಂದ ಕೂಡಲೇ ಮೊಣಕಾಲು ಹಿಡ್ಕೋಬೇಡಿ. ನಾನು ಹೇಳ್ತಿರೋ ಬೆಟ್ಟವನ್ನ ನೀವು, ಭಾವನವರು ಇಬ್ಬರೂ ಮಾತಾಡ್ಕೊಂಡೇ ಹತ್ತಬಹುದು. ಯಾಕೆ ಅಂದ್ರೆ ಅದು ಮನುಷ್ಯರು ನಡೀಲಿ ಅಂತ ಮಾಡಿದ ದಾರಿ ಅಲ್ಲ, ಉಗಿಬಂಡಿಗೆ ಅಂತ ಮಾಡಿದ್ದು. ಉಗಿಬಂಡಿಗೆ ಏರು ಅಂದ್ರೆ ಆಗ್ತಿರಲಿಲ್ಲ, ನಮಗೂ ಆಗಲ್ಲ.

ಅಮೆರಿಕದಲ್ಲಿ ಪಿಟ್ಸ್‌ಬರ್ಗ್ ಅಂತ ಊರಿದೆಯಲ್ಲ, ನಮ್ಮವರೆಲ್ಲ ವೆಂಕಟೇಶ್ವರನ ದೇವಸ್ಥಾನಕ್ಕೆ ಅಂತ ದೂರದೂರದಿಂದ ಕಾರು ಮಾಡ್ಕೊಂಡು ಹೋಗ್ತಾರಲ್ಲ, ಆ ಊರಿಂದ ಶುರು. ಅಲ್ಲಿಂದ ಮೇರಿಲ್ಯಾಂಡಿನ ಕಂಬರ್‌ಲೆಂಡ್ ತನಕ 150 ಮೈಲಿ, ಅಂದ್ರೆ 240 ಕಿಲೋಮೀಟರ್. ಗ್ರೇಟ್ ಅಲಿಗೇನಿ ಪ್ಯಾಸೇಜ್ ಅಂತ ಹೆಸರು. ಒಂದು ಕಾಲಕ್ಕೆ ರೈಲು ಓಡಾಡ್ತಿದ್ದ ಜಾಗ. ಈಗ ಕಂಬಿ, ಸ್ಲೀಪರು ಎಲ್ಲಾ ತೆಗೆದು, ಸುಣ್ಣಕಲ್ಲಿನ ಪುಡಿ ಹಾಕಿ ದಮ್ಮಸು ಮಾಡಿದ್ದಾರೆ. ನಡೆಯೋರು ನಡೀತಾರೆ, ಸೈಕಲ್ಲಿನವರು ಸೈಕಲ್ ಹೊಡೀತಾರೆ. ದೇವಸ್ಥಾನ ಮುಗಿಸಿ ನೇರ ವಾಪಸ್ ಬರ್ತಾರಲ್ಲ ನಮ್ಮ ಜನ, ಅದೊಂದು ನನಗೆ ತುಂಬಾ ಬೇಜಾರು. ಆ ಊರಲ್ಲೇ ಇಂಥ ದಾರಿಯ ಒಂದು ತುದಿ ಇದೆ ಅಂತ ಎಷ್ಟೋ ಮಂದಿಗೆ ಗೊತ್ತೇ ಇಲ್ಲ.

ಭಾವನವರು ರೈಲ್ವೆಯಲ್ಲಿ ಹಳಿ ನೋಡ್ಕೊಳ್ಳೋ ಪಿಡಬ್ಲ್ಯೂಐ ಆಗಿದ್ದವರು, ಅವರಿಗೆ ಈ ಲೆಕ್ಕ ಹೇಳಿ. ನಮ್ಮ ಸಕಲೇಶಪುರದ ಘಾಟಿಯಲ್ಲಿ 50 ಅಡಿಗೆ 1 ಅಡಿ ಏರು. ಅಲ್ಲಿ ಕಂಬರ್‌ಲೆಂಡ್ ಕಡೆಯ ಕಡಿದಾದ ಏರೂ ಅದಕ್ಕಿಂತ ಒಂಚೂರು ಕಡಿಮೆಯೇ. ಪಿಟ್ಸ್‌ಬರ್ಗ್ ಕಡೆಯಿಂದ ಬಂದ್ರೆ ಬಹುಪಾಲು 100 ಅಡಿಗೆ 1 ಅಡಿಯೂ ಇಲ್ಲ. ನಡೀತಾ ನಡೀತಾ ಸಮತಟ್ಟು ಅಂತಲೇ ಅನ್ಸುತ್ತೆ. ಹಂಗೇ ಹೋಗಿ ಹೋಗಿ 2,392 ಅಡಿ ಎತ್ತರಕ್ಕೆ ಬಂದು ನಿಂತಿರ್ತೀವಿ.

ಆ ನೆತ್ತಿ ಇದೆಯಲ್ಲ ಅಕ್ಕಾ, ಅದು ನೀರು ಭಾಗವಾಗೋ ಜಾಗ. ಪೂರ್ವಕ್ಕೆ ಬಿದ್ದ ಮಳೆ ಪೊಟೋಮ್ಯಾಕ್ ನದಿ ಸೇರಿ, ಚೆಸಪೀಕ್ ಕೊಲ್ಲಿಗೆ ಹೋಗಿ ಅಟ್ಲಾಂಟಿಕ್ ಸಮುದ್ರ ಮುಟ್ಟುತ್ತೆ. ಪಶ್ಚಿಮಕ್ಕೆ ಬಿದ್ದದ್ದು ಹಳ್ಳ ಸೇರಿ, ಯಾಕಿಗೇನಿ, ಮನಾಂಗಹೀಲ, ಒಹಾಯೊ, ಮಿಸಿಸಿಪ್ಪಿ ಅಂತ ಒಂದೊಂದೇ ನದಿ ದಾಟಿ ಮೆಕ್ಸಿಕೋ ಕೊಲ್ಲಿಗೆ ಹೋಗುತ್ತೆ. ನಮ್ಮ ಬಿಸಿಲೆ ಘಾಟಿ ಹತ್ತಿರ ಮಂಕನಹಳ್ಳಿಯಲ್ಲಿ ದಿಬ್ಬ ತೋರಿಸಿ, ಈ ಕಡೆ ನೀರು ಬಂಗಾಳ ಕೊಲ್ಲಿಗೆ, ಆ ಕಡೆಯದು ಅರಬ್ಬಿ ಸಮುದ್ರಕ್ಕೆ ಅಂತಾರಲ್ಲ, ಥೇಟ್ ಹಾಗೇ.

ಅಲ್ಲಿಂದ ಕಂಬರ್‌ಲೆಂಡ್ ಕಡೆ ಇಳಿದ್ರೆ ಬಿಗ್ ಸ್ಯಾವೇಜ್ ಅನ್ನೋ ಸುರಂಗ. 3,294 ಅಡಿ ಉದ್ದ, ಒಂದು ಕಿಲೋಮೀಟರ್ ಅಂದ್ಕೊಳ್ಳಿ. ಒಳಗೆ ದೀಪ ಹಾಕಿದ್ದಾರೆ, ಆದ್ರೂ ಹೊರಗೆ ಬಿಸಿಲಿದ್ರೂ ಒಳಗೆ ಶಾಲು ಬೇಕು. ಆಚೆ ಬಾಯಲ್ಲಿ ಹೊರಗೆ ಬಂದ್ರೆ ಎದುರಿಗೆ ಕಣಿವೆ, ಅದರಾಚೆ ಮೇರಿಲ್ಯಾಂಡಿನ ಬೆಟ್ಟಸಾಲು. ಅಕ್ಟೋಬರಿನಲ್ಲಿ ಹೋದ್ರೆ ಮೇಪಲ್ ಎಲೆಯೆಲ್ಲಾ ಕೆಂಪು, ಹಳದಿ. ಸುಮ್ನೆ ನಿಂತುಬಿಡ್ತೀರಿ. ನೆತ್ತಿಯ ಇನ್ನೊಂದು ಕಡೆ ಮೈಯರ್ಸ್‌ಡೇಲ್ ಅನ್ನೋ ಸಣ್ಣ ಊರು, ಅಲ್ಲಿ ಹಳೇ ಸ್ಟೇಷನ್ನನ್ನೇ ಮ್ಯೂಸಿಯಂ ಮಾಡಿದ್ದಾರೆ. ಊರು ದಾಟಿದ್ರೆ ಸಾಲಿಸ್ಬರಿ ಸೇತುವೆ, 1,908 ಅಡಿ ಉದ್ದ. ಮೇಲೆ ನಾವು ನಡೀತಿರ್ತೀವಿ, ಕೆಳಗೆ ನದಿ, ಹೆದ್ದಾರಿ, ಜೊತೆಗೆ ಇವತ್ತಿಗೂ ಗೂಡ್ಸ್ ಓಡೋ ಇನ್ನೊಂದು ರೈಲು ಲೈನು!

ಆ ಇನ್ನೊಂದು ಲೈನೇ ಕಥೆ. ಒಂದೇ ಕಣಿವೆಯಲ್ಲಿ ಎರಡು ಕಂಪನಿಯ ಲೈನಿತ್ತು. ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆಯವರು 1912ರಲ್ಲಿ ಈ ಬೆಟ್ಟ ಕೊರೆದು ಕನೆಲ್ಸ್‌ವಿಲ್ ತನಕ ಲೈನು ಹಾಕಿದ್ರು. ಆಮೇಲೆ ಎರಡೂ ಕಂಪನಿ ಒಂದೇ ಮನೆತನಕ್ಕೆ ಸೇರಿದ್ವು, ಎರಡೆರಡು ಲೈನು ಯಾಕೆ ಅಂತ 1975ರಲ್ಲಿ ಇದನ್ನ ಬಿಟ್ಟುಬಿಟ್ರು. ಅಷ್ಟು ದುಡ್ಡು ಸುರಿದು ಕೊರೆದ ಸುರಂಗ ಬಾವಲಿಗಳ ಪಾಲಾಗಬೇಕಿತ್ತು. ಆದ್ರೆ ಆ ದಾರಿಯ ಊರುಗಳವರು ಬಿಡಲಿಲ್ಲ. 1986ರಲ್ಲಿ ಒಹಾಯೊಪೈಲ್ ಅನ್ನೋ ಊರಿನ ಹತ್ತಿರ ಒಂದು ತುಂಡು ತೆರೆದ್ರು. ಆಮೇಲೆ ಇಲ್ಲೊಂದು ಸೇತುವೆ ರಿಪೇರಿ, ಅಲ್ಲೊಂದು ಜಮೀನಿನ ಮಾತುಕತೆ. ಕೊನೇ ತುಂಡು ಕೂಡಿದ್ದು 2013ರಲ್ಲಿ. ಶುರು ಮಾಡಿದಾಗ ಹುಟ್ಟಿದ ಮಗುವಿಗೆ ಮುಗಿಯೋ ಹೊತ್ತಿಗೆ ಮದುವೆ ವಯಸ್ಸು. ನನಗೆ ಅಲ್ಲಿನ ಬೆಟ್ಟಕ್ಕಿಂತ ಆ ಜನರ ಪಟ್ಟು ದೊಡ್ಡದು ಅನ್ಸುತ್ತೆ.

ಭೂಮಿ ವಿಷಯ ನಿಮಗೆ ಗೊತ್ತಲ್ಲ, ಒಂದು ಸಲ ತುಂಡುತುಂಡಾಗಿ ಮಾರಿದ್ರೆ ಮತ್ತೆ ಉದ್ದಕ್ಕೆ ಜೋಡಿಸೋದು ಯಾರ ಕೈಲೂ ಆಗಲ್ಲ. ಅದಕ್ಕೇ ಅಮೆರಿಕದವರು 1983ರಲ್ಲಿ ಕಾನೂನನ್ನೇ ತಿದ್ದಿದ್ರು. ರೈಲು ನಿಂತ ದಾರಿಯನ್ನ ಮುಂದೆ ಬೇಕಾದಾಗ ರೈಲಿಗೇ ವಾಪಸ್ ಕೊಡೋ ಕರಾರಿನ ಮೇಲೆ, ಅಲ್ಲಿಯ ತನಕ ನಡೆಯೋರಿಗೆ ಬಿಟ್ಟುಕೊಡಬಹುದು. ಎಂಥ ಒಳ್ಳೇ ಬುದ್ಧಿ ನೋಡಿ!

ಹೂಂ, ನಮ್ಮಲ್ಲೂ ಸಕಲೇಶಪುರದಲ್ಲಿ ನಿಮ್ಮ ತಮ್ಮ ಹುಡುಗರ ಜೊತೆ ಹಳಿ ಮೇಲೆ ನಡೆದಿದ್ದು ನೀವೇ ಹೇಳಿದ್ರಿ. ಅದು 1996ರಲ್ಲಿ ಮೀಟರ್ ಗೇಜ್ ಬದಲಿಸೋಕೆ ರೈಲು ನಿಲ್ಲಿಸಿದ ಮೇಲಿನ ಮಾತು. ಈಗ ಅಲ್ಲಿ ರೈಲು ಓಡುತ್ತೆ, ಹಳಿ ಮೇಲೆ ನಡೆಯೋ ಹಾಗಿಲ್ಲ, ನಡೀಲೂಬಾರದು. ಆದ್ರೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನೊಳಗೆ ಪುಟ್ಟ ರೈಲೊಂದು ಹೋಗ್ತಿತ್ತಲ್ಲ? ಅದನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಕಂಬಿ ಕಿತ್ತದ್ದಾಯ್ತು, ಆ ದಾರಿಯನ್ನಾದ್ರೂ ನಡೆಯೋರಿಗೆ ಅಂತ ಕಾದಿಟ್ಟಿದ್ರೆ ಮಲೆನಾಡಿನ ಮಕ್ಕಳು ಸೈಕಲ್ಲಿನಲ್ಲಿ ಹೋಗಿಬರ್ತಿರಲಿಲ್ವಾ?

ನೀವು ಈ ಸಲ ಅಮೆರಿಕಕ್ಕೆ ಮಗಳ ಮನೆಗೆ ಹೊರಡೋದು ದಸರಾ ಮುಗಿಸ್ಕೊಂಡು ಅಂದ್ರಲ್ಲ, ತಡ ಮಾಡಬೇಡಿ. ಚಳಿಗಾಲದಲ್ಲಿ ಸುರಂಗದೊಳಗೆ ಜಿನುಗೋ ನೀರು ಹೆಪ್ಪುಗಟ್ಟುತ್ತೆ ಅಂತ ಬಾಗಿಲು ಹಾಕಿಬಿಡ್ತಾರೆ, ಮತ್ತೆ ತೆಗೆಯೋದು ಏಪ್ರಿಲ್ ಹೊತ್ತಿಗೆ. ಅಳಿಯಂದಿರಿಗೆ ಡೀಲ್ ಅನ್ನೋ ಊರಿನ ಹತ್ತಿರ ಕಾರು ನಿಲ್ಲಿಸೋಕೆ ಹೇಳಿ. ನೆತ್ತಿಯೂ ಸುರಂಗವೂ ಅಲ್ಲಿಂದ ನಡೆದೇ ಹೋಗೋವಷ್ಟು ಹತ್ತಿರ.