ಕಾಲ ಕೆಳಗಿನ ತಜ್ಞರ ಸಂದರ್ಶನ

ವಿಡಿಯೋ ಗೇಮ್ ಉದ್ಯಮದ ಬಗ್ಗೆ ಮಾತಾಡಲು ಬೆಂಗಳೂರಿನ ತಜ್ಞರಿಗೆ ಪುರುಸೊತ್ತಿರಲಿಲ್ಲ. ಅಥಣಿಯ ಅಂಗಡಿಯಲ್ಲಿ ಮೊಳೆಗೆ ನೇತಾಡುತ್ತಿದ್ದ ತೊಗಲಿನ ಚಪ್ಪಲಿಗೆ ಇತ್ತು.

ಪ್ರಶ್ನೆ: ಗೇಮ್ ಸ್ಟುಡಿಯೋಗೂ ನಿಮಗೂ ಏನು ಸಂಬಂಧ?

ಚಪ್ಪಲಿ: ಒಂದ ಜಾತಕ ನೋಡ್ರಿ. ನಾ ಹುಟ್ಟೂದು ಅಥಣಿ, ನಿಪ್ಪಾಣಿ, ಮದಭಾವಿಯೊಳಗ. ಮಾರಾಟ ಆಗೂದು ಕೊಲ್ಹಾಪುರಿ ಅಂತ. 1997ರಾಗ ಬೆಂಗಳೂರಿನ್ಯಾಗ ಸುರುವಾದ ಧ್ರುವ ಇಂಟರಾಕ್ಟಿವ್ ಅನ್ನೂ ಗೇಮ್ ಸ್ಟುಡಿಯೋದ್ದೂ ಹೆಚ್ಚೂಕಡಿಮಿ ಇದ ಬಾಳೇವು ಆಗಿತ್ತು. ಫೋರ್ಜಾದಂಥಾ ಪರದೇಶಿ ಗೇಮಿಗೆ ಕಾರು ಮಾಡಿ ಕೊಡತಿದ್ದವರು ಇವರು, ಡಬ್ಬಿ ಮ್ಯಾಲಿನ ಹೆಸರು ಮತ್ತೊಬ್ಬರದು. ಸಣ್ಣ ಕೆಲಸಲ್ಲ ಅದು. ತ್ರಿಕೋನ ಜೋಡಿಸಿ ಆಕಾರ ತರಬೇಕು, ಅದಕ್ಕ ಬಣ್ಣದ ತೊಗಲು ಹೊಚ್ಚಬೇಕು. ಬೆಳಕು ಎಲ್ಲಿ ಹೆಂಗ ಹೊಳೀಬೇಕು ಅಂತ ಹೇಳಾಕ ನಾರ್ಮಲ್ ಮ್ಯಾಪ್ ಅಂತೊಂದು ಚಿತ್ರ ಇರ್ತದ. ಹೊಲಿಗಿ ಹಾಕದನ ಹೊಲಿಗಿ ಕಾಣಸ್ತದ. ನಮ್ಮಲ್ಲಿ ಇನ್ನೂ ಖರೇನ ಹೊಲೀತಾರ, ಏನ್ ಮಾಡ್ತೀರಿ. 2019ರಾಗ ನನಗ ಹುಟ್ಟಿದ ಸೀಮಿ ಹೇಳೂ ಜಿಐ ಗುರುತು ಬಂತು, ಮಹಾರಾಷ್ಟ್ರದ ನಾಕು ಜಿಲ್ಲಾದ ಕೂಡ ಬೆಳಗಾವಿ ಹಿಡಿದು ನಮ್ಮ ನಾಕಕ್ಕೂ. ಅದ ವರ್ಷ ಸ್ವೀಡನ್ನಿನ ಸ್ಟಾರ್‌ಬ್ರೀಜ್ ತನ್ನ ಕೈಯಾಗಿದ್ದ ಧ್ರುವನ್ನ 79 ಲಕ್ಷ ಡಾಲರಿಗೆ ಅಮೆರಿಕಾದ ರಾಕ್‌ಸ್ಟಾರ್‌ಗೆ ಮಾರ್ತು.

ಪ್ರಶ್ನೆ: ಪಗಾರ ಬಂತಲ್ಲ, ಹುಡುಗರು ಕಸಬು ಕಲಿತರಲ್ಲ?

ಚಪ್ಪಲಿ: ಬಂತು, ಕಲಿತರು. ಅದನ್ನ ಹಗುರ ಮಾಡಬ್ಯಾಡ್ರಿ. ಆದ್ರ ಕೂಲಿ ಒಮ್ಮೆ, ಗೇಮ್ ಮಾರೂದು ವರ್ಷಾನುಗಟ್ಟಲೆ. ಕಸಬು ಯಾರದರ ಇರಲಿ, ಪಾಲು ಹಕ್ಕಿದ್ದಾವಗ ಅನ್ನೂದಕ್ಕ ಗೇಮ್ ಕಟ್ಟೂ ಹತಾರ, ಅಂದ್ರ ಎಂಜಿನ್ನ ಸಾಕ್ಷಿ. ಅನ್‌ರಿಯಲ್ ಎಂಜಿನ್ನಿನ್ಯಾಗ ಮಾಡಿದ ಗೇಮಿನ ಗಳಿಕಿ 10 ಲಕ್ಷ ಡಾಲರ್ ದಾಟಿದ್ರ, ಮುಂದಿನದ್ರಾಗ ಸಾಮಾನ್ಯವಾಗಿ ನೂರಕ್ಕ 5 ಅದರ ಒಡೆಯ ಎಪಿಕ್ ಕಂಪನಿಗೆ. ಯೂನಿಟಿ ಎಂಜಿನ್ನಿನವರಂತೂ 2023ರಾಗ ಒಂದೊಂದು ಇನ್‌ಸ್ಟಾಲಿಗೂ ರೊಕ್ಕ ಕೇಳಾಕ ಹೊಂಟಿದ್ರು; ಮಂದಿ ಬಾಯಿ ಮಾಡಿದ ಮ್ಯಾಲ, ಮರುವರ್ಷ ಕೈಬಿಟ್ರು. ನಾ ಹೆಜ್ಜಿಗೊಂದು ರೂಪಾಯಿ ಕೇಳಿದ್ರ ರಾಯಬಾಗದಾಗ ಕಬ್ಬಿಗೆ ನೀರು ಹಾಸಾಕ ಯಾರ್ ಹೋಗ್ತಿದ್ರು?

ಪ್ರಶ್ನೆ: ಹಾಗಂತ ಸ್ವಂತ ಗೇಮ್ ಮಾಡುವುದು ನಮ್ಮಿಂದಾಗುವ ಮಾತೇ?

ಚಪ್ಪಲಿ: ಹತಾರ ಇಲ್ಲ ಅನ್ನೂ ನೆಪ ಈಗ ನಡ್ಯಾಂಗಿಲ್ರಿ. ಗೊಡಾಟ್ ಎಂಜಿನ್ ಪುಕ್ಕಟ, ಪಾಲೂ ಕೇಳಂಗಿಲ್ಲ. 2023ರಾಗ ಬಂದ ನಾಕನೇ ಆವೃತ್ತಿ ನಮ್ಮ ಒತ್ತಕ್ಷರಾನೂ ನೆಟ್ಟಗ ಕೂಡಸ್ತದ. ಪುಣೆದ ನೋಡಿಂಗ್ ಹೆಡ್ಸ್‌ನವರು 2020ರಾಗ 'ರಾಜಿ' ಅನ್ನೂ ಸ್ವಂತ ಗೇಮ್ ತಂದ್ರು. ಕೊರತಿ ಇರೂದು, ಗೇಮ್ ಮಾರಾಟಕ್ಕ ಬರೂತನಕ ಪಗಾರ ಕೊಡೂ ಧೈರ್ಯದಾಗ. ಗೇಮ್, ಅನಿಮೇಶನ್ನಿಗೆ ಅಂತ ರಾಜ್ಯ ಸರಕಾರ 2012ರಾಗ ನೀತಿ ತಂದದ. ನೌಕರಿ ಎಣಿಸೂ ಮುಂದ ಇಲ್ಲೇ ಉಳಿದ ಹಕ್ಕೆಷ್ಟು ಅನ್ನೂದನ್ನೂ ಎಣಿಸಲಿ.

ಪ್ರಶ್ನೆ: ನಿಮ್ಮನ್ನೇ ಯಾವುದಾದರೂ ಗೇಮಿನ ನಾಯಕನ ಕಾಲಿಗೆ ಹಾಕಿದರೆ?

ಚಪ್ಪಲಿ: ಹಾಕ್ಲಿ. 2025ರಾಗ ಮಿಲಾನಿನ್ಯಾಗ ಫ್ಯಾಶನ್ ಕಂಪನಿ ಪ್ರಾಡಾದವರೂ ನನ್ನಂಥಾ ಚಪ್ಪಲಿ ಹಾಕಿದ್ರು; ಮೊದಲ ಭಾರತದ ಹೆಸರ ಹೇಳಲಿಲ್ಲ, ಮಂದಿ ಕೇಳಿದ ಮ್ಯಾಲ ಹೇಳಿದ್ರು. ಈ ಸಲ ಕರಾರು ಮೊದಲ ತೋರಸಂತ ಹೇಳ್ರಿ.