ರ‍್ಯಾಮ್ ಪುರಾಣ

ಹಳೆಯ ಡೆಸ್ಕ್‌ಟಾಪಿಗೆ ರ‍್ಯಾಮ್ ಹಾಕಿಸುವುದೆಂದರೆ ಮುದುಕರಿಗೆ ಹಲ್ಲುಸೆಟ್ಟು ಕಟ್ಟಿಸಿದ ಹಾಗೆ. ಅಳತೆ ಸರಿಯಿದ್ದರೂ ಕೂರುವ ಭರವಸೆಯಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ‘ಡಿಡಿಆರ್2 ಬೇಕಾ ಸಾರ್, ಡಿಡಿಆರ್3 ಬೇಕಾ?’ ಎಂದರೆ ‘ಇಷ್ಟುದ್ದದ್ದು’ ಎಂದು ಕೈ ತೋರಿಸುವ ಗಿರಾಕಿಗಳಿದ್ದಾರೆ. ಎರಡೂ ಅಷ್ಟೇ ಉದ್ದ, ಎರಡಕ್ಕೂ 240 ಪಿನ್ನು. ಆದರೆ ನಡುವಿನ ಕಚ್ಚು ಚೂರು ಆಚೀಚೆ, ಒಂದಕ್ಕೆ 1.8 ವೋಲ್ಟ್, ಇನ್ನೊಂದಕ್ಕೆ 1.5. ‘ಒತ್ತಿದರೆ ಕೂರುತ್ತೆ ಬಿಡಿ’ ಎನ್ನುವ ಪೈಲ್ವಾನರಿಂದ ಮದರ್‌ಬೋರ್ಡನ್ನು ದೇವರೇ ಕಾಪಾಡಬೇಕು.

ಸರಿಯಾದದ್ದೇ ಕೂತರೂ ಪರದೆ ಕಪ್ಪು, ಒಳಗಿಂದ ಬೀಪ್ ಬೀಪ್. ಮನೆಯವರೆಲ್ಲ ದಿಢೀರ್ ತಜ್ಞರು. ‘ವೈರಸ್ಸಿರಬೇಕು ಕಣೋ’ ಎನ್ನುತ್ತಾರೆ ಮಾವ. ಮದ್ದು ಮಾತ್ರ ಮಕ್ಕಳ ಕಂಪಾಸು ಡಬ್ಬಿಯಲ್ಲಿದೆ. ಪ್ಲಗ್ಗು ಕಿತ್ತು, ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಕೊಕ್ಕೆ ‘ಟಕ್’ ಎನ್ನುವಂತೆ ಕೂರಿಸಿದರೆ ಎಷ್ಟೋ ಸಲ ಯಂತ್ರ ಕಣ್ಣು ಬಿಡುತ್ತದೆ.

ಆಮೇಲೆ ಲೆಕ್ಕದ ಜಗಳ. 4 ಜಿಬಿ ಹಾಕಿಸಿದರೆ ಕಾಣುವುದು ಮೂರು ಚಿಲ್ಲರೆ! ಅಂಗಡಿಯವನನ್ನು ಬೈಯಬೇಡಿ. ಮನೆಬಳಕೆಯ 32 ಬಿಟ್ ವಿಂಡೋಸಿನ ವಿಳಾಸಗಳು 4 ಜಿಬಿಗೇ ಮುಗಿಯುತ್ತವೆ. ಅದರಲ್ಲೂ ಗ್ರಾಫಿಕ್ಸ್ ಕಾರ್ಡು ಮುಂತಾದ ನೆಂಟರು ಮೊದಲೇ ತಮ್ಮ ಪಾಲು ಬಾಚಿಕೊಂಡಿರುತ್ತಾರೆ. ಉಳಿದದ್ದನ್ನು ಬ್ರೌಸರು ನುಂಗುತ್ತದೆ.