ಪಿತ್ತದ ರಾಯರು

ಮೈಸೂರಿನ ಕುವೆಂಪುನಗರದಂಥ ಬಡಾವಣೆಯಲ್ಲಿ ಅಡ್ಡರಸ್ತೆಗೊಬ್ಬ ರಾಯರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದ ನಿವೃತ್ತರು, ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ಹಾಲಿನ ಚೀಲ. ಯಾರ ಮನೆಗಾದರೂ ನಾಯಿಮರಿ ಬಂದರೆ, ಅದಕ್ಕೆ ಹೆಸರಿಡುವ ಮೊದಲೇ ಗೇಟಿನ ಹತ್ತಿರ ಹಾಜರು. ತಾವೆಂದೂ ನಾಯಿ ಸಾಕಿದವರಲ್ಲ. ಅವರ ಸೋದರಮಾವನ ತೋಟದಲ್ಲಿ ಒಂದು ನಾಯಿ ಇತ್ತಂತೆ, ಅದಕ್ಕೆ ಸಾಯುವ ತನಕ ಡಾಕ್ಟರೇ ಬೇಕಾಗಲಿಲ್ಲವಂತೆ. ಅರ್ಹತೆ ಅಷ್ಟೇ.

ಎದುರು ಮನೆಯ ಮರಿ ಉಂಡದ್ದನ್ನೆಲ್ಲ ಕಕ್ಕುತ್ತಿದೆ ಎಂಬ ಸುದ್ದಿ ಬಂದಾಗ ಅವರ ಮುಖದಲ್ಲಿ ಕಂಡ ಕಳೆ ಮಗಳ ಮದುವೆಯಲ್ಲೂ ಕಂಡಿರಲಿಲ್ಲ. ಪಂಚೆ ಎತ್ತಿ ಕಟ್ಟಿ, ಕನ್ನಡಕ ಏರಿಸಿ, ಅಂಗಳದಲ್ಲಿ ಬಿದ್ದಿದ್ದನ್ನು ಬಗ್ಗಿ ಪರಿಶೀಲಿಸಿದರು. ಅನ್ನದ ಅಗುಳು ಅಗುಳಾಗಿಯೇ ಇತ್ತು. "ನೋಡಿ ಸ್ವಾಮಿ, ಪಿತ್ತ" ಎಂದರು. ಮಾರನೆಯ ದಿನ ಬರೀ ಬಿಳಿ ನೊರೆ. ಅದೂ ಪಿತ್ತವೇ. ಯಾಕೆಂದರೆ ಬ್ಯಾಂಕು ಸೇರಿದಂದಿನಿಂದ ರಾಯರಿಗೆ ಪಿತ್ತ.

ಈ ಜಾತಿಯವರ ಗುಟ್ಟೇ ಅದು. ನೋಡುವುದು ನಾಯಿಯನ್ನು, ಮದ್ದು ಹೇಳುವುದು ಸ್ವಂತ ಹೊಟ್ಟೆಗೆ. ಗ್ಯಾಸಿನವರು ಓಂಕಾಳು ಎನ್ನುತ್ತಾರೆ, ಎದೆಯುರಿಯವರು ತಣ್ಣನೆ ಹಾಲು, ಸಕ್ಕರೆ ಕಾಯಿಲೆಯವರು ನೆನೆಸಿದ ಮೆಂತ್ಯ. ರಾಯರ ಮನೆಯವರು ಮಾತ್ರ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದು ಹೋದರು. ಮರಿಯ ಹೊಟ್ಟೆಯೊಳಕ್ಕೆ ಏನೂ ಹೋಗದ ಚಿಕಿತ್ಸೆ ಅದೊಂದೇ ಆದ್ದರಿಂದ ನನ್ನ ಓಟು ಆಕೆಗೇ.

ತಿಳಿಸಿ ಹೇಳಿದರೆ ರಾಯರ ಬಳಿ ಉತ್ತರ ಸಿದ್ಧ. ಹಸುವಿನ ಹಾಲು ಎಷ್ಟೋ ಮರಿಗಳಿಗೆ ಅರಗುವುದಿಲ್ಲ ಎಂದರೆ, "ಶ್ರೀಕೃಷ್ಣ ಅದನ್ನೇ ಕುಡಿದು ಬೆಳೀಲಿಲ್ವೇನ್ರೀ?" ಈರುಳ್ಳಿ ನಾಯಿಯ ರಕ್ತದ ಕೆಂಪು ಕಣ ಒಡೆಯುತ್ತದೆ, ದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತದೆ ಎಂದರೆ, "ನಮ್ಮನೇಲಿ ಈರುಳ್ಳಿ ಹುಳಿ ಇಲ್ಲದ ಭಾನುವಾರವೇ ಇಲ್ಲ, ನಾನು ಸತ್ತಿದೀನಾ?" ಹೀಗೆ ವಾದಿಸುತ್ತಲೇ ಕಾಂಪೌಂಡಿನ ಸಂದಿಯಿಂದ ಮರಿಗೆ ಒಂದು ಕೋಡುಬಳೆ ದಾಟಿಸಿರುತ್ತಾರೆ.

ಪಶುವೈದ್ಯೆಯ ಹತ್ತಿರ ಹೊರಟಾಗ ಕಾರಿನ ಮುಂದಿನ ಸೀಟಿನಲ್ಲಿ ಕೂತವರು ರಾಯರೇ. ಆ ಹುಡುಗಿ ಮರಿಯ ವಸಡು ಒತ್ತಿ ನೋಡಿದಳು, ಹೆಗಲ ಚರ್ಮ ಎಳೆದು ಬಿಟ್ಟಳು. ಚರ್ಮ ಪಟ್ಟನೆ ಸ್ವಸ್ಥಾನ ಸೇರಿತು. "ನೀರಿನಂಶ ಸರಿಯಾಗಿದೆ. ಹೊಟ್ಟೆ ಹಿಂಡ್ಕೊಂಡು ವಾಂತಿ ಮಾಡುತ್ತಾ, ಇಲ್ಲಾ ತಿಂದ ತಕ್ಷಣ ಸಲೀಸಾಗಿ ಬರುತ್ತಾ?"

"ಹಿಂಡ್ಕೊಂಡೇ ತಾಯಿ. ರಾತ್ರಿ ಹೊತ್ತು ಹುಳಿತೇಗು ಬೇರೆ" ಎಂದರು ರಾಯರು.

"ನಾನು ಕೇಳಿದ್ದು ಮರಿ ವಿಷಯ, ಅಂಕಲ್."

ಜಂತುಹುಳದ ಮದ್ದು ಹಾಕಿಸಿದ್ದೀರಾ ಎಂದು ಕೇಳಿದಳು. ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ 16 ವಾರ ತುಂಬುವ ತನಕ ಕಂತಿನಲ್ಲಿ ನಡೆಯಬೇಕು ಎಂದಳು. ಮರಿ ಮಂಕಾಗಿ ಮಲಗಿ, ಮೇಲಿಂದ ಮೇಲೆ ವಾಂತಿ, ರಕ್ತಭೇದಿ ಶುರುವಾದರೆ ಪಾರ್ವೊ ಇರಬಹುದು, ಯಾರ ಸಲಹೆಗೂ ಕಾಯದೆ ಓಡಿ ಬನ್ನಿ ಎಂದಳು. 'ಯಾರ' ಎನ್ನುವಾಗ ರಾಯರ ಕಡೆ ನೋಡಿದಳೆಂದು ನನ್ನ ಗುಮಾನಿ. ಈ ಮರಿಗಿದ್ದದ್ದು ಬರೀ ಆತುರ: ಅಗಿಯದೆ ನುಂಗುವುದು, ಹೊಟ್ಟೆ ಬಿರಿದಾಗ ಹೊರಹಾಕುವುದು. ದಿನದ ಊಟ ನಾಲ್ಕು ಪಾಲು ಮಾಡಿ, ಇಡ್ಲಿ ತಟ್ಟೆಯ ಗುಳಿಗಳಿಗೆ ಹಂಚಿ ಇಡಿ, ನಿಧಾನವಾಗಿ ತಿನ್ನುತ್ತೆ ಎಂದಳು. ಹಾಗೇ ಮಾಡಿದರು, ವಾಂತಿ ನಿಂತಿತು.

ಈಗ ಇಡ್ಲಿ ತಟ್ಟೆ ರಾಯರ ಸ್ವಂತ ಸಂಶೋಧನೆ. ಮೊನ್ನೆ ಪಾರ್ಕಿನಲ್ಲಿ ಯಾರೋ, ನಮ್ಮ ಲ್ಯಾಬ್ರಡಾರು ನಿನ್ನೆಯಿಂದ ಏನೂ ಮುಟ್ಟುತ್ತಿಲ್ಲ ಎಂದು ಗೋಳು ತೋಡಿಕೊಂಡರು.

"ಇಡ್ಲಿ ತಟ್ಟೇಲಿ ಹಾಕಿ. ನಮ್ಮ ರಸ್ತೆ ನಾಯಿಗೆ ನಾನೇ ಗುಣ ಮಾಡಿದ್ದು."

"ಅದು ತಿನ್ನೋದೇ ಇಲ್ವಲ್ಲ ರಾಯರೇ!"

ರಾಯರು ಒಂದು ಕ್ಷಣ ಯೋಚಿಸಿದರು. "ಹಾಗಾದ್ರೆ ಮಿನಿ ಇಡ್ಲಿ ತಟ್ಟೆ ತನ್ನಿ."